ಶಾಲಾ ವ್ಯಾನಿನಲ್ಲಿ ಹೊಡೆತ: ಮಗನಿಗೆ ಏನು ಕಲಿಸಲಿ?

ಪ್ರಶ್ನೆ: ನಾವು ಬಸವನಗುಡಿಯವರು. ಐದನೇ ತರಗತಿಯ ನನ್ನ ಮಗನ ಕೈಯನ್ನು ಶಾಲಾ ವ್ಯಾನಿನಲ್ಲಿ ದೊಡ್ಡ ಹುಡುಗನೊಬ್ಬ ದಿನವೂ ತಿರುಚುತ್ತಾನೆ. ಅಜ್ಜ ‘ತಿರುಗಿಸಿ ಬಾರಿಸು’ ಎನ್ನುತ್ತಾರೆ. ಕರಾಟೆಗೆ ಸೇರಿಸಲೇ?

ಉತ್ತರ 1: ಸೇರಿಸಿ, ಆದರೆ ಅದು ಕೈಗೆ ಹತ್ತಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ, ಮಣಿಕಟ್ಟು ಹಿಡಿದಾಗ ಎಳೆದಾಡದೆ, ಹಿಡಿತ ಸಡಿಲವಿರುವ ಹೆಬ್ಬೆರಳಿನ ಕಡೆಗೆ ಕೈ ಹೊರಳಿಸಿ ಬಿಡಿಸಿಕೊಳ್ಳುವುದನ್ನೂ, ಕೂಡಲೇ ‘ಮುಟ್ಟಬೇಡ’ ಎಂದು ಗಟ್ಟಿಯಾಗಿ ಕೂಗಿ ಚಾಲಕರ ಹಿಂದಿನ ಸೀಟಿಗೆ ಸರಿಯುವುದನ್ನೂ ಮನೆಯಲ್ಲಿ ಆಡುತ್ತಲೇ ಅಭ್ಯಾಸ ಮಾಡಿಸಿ.

ಉತ್ತರ 2: ತಿರುಗಿ ಹೊಡೆದವನೇ ಕೊನೆಗೆ ತಪ್ಪಿತಸ್ಥನಾಗುತ್ತಾನೆ (ನಮ್ಮ ಮನೆಯಲ್ಲೇ ಕಂಡಿದ್ದೇನೆ). ದಿನಾಂಕ, ಗಾಯದ ಚಿತ್ರಗಳೊಂದಿಗೆ ಮುಖ್ಯೋಪಾಧ್ಯಾಯರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅವರು ಸುಮ್ಮನಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಪ್ರಶ್ನೆ ಕೇಳಿದವರು: ಮಣಿಕಟ್ಟಿನ ಅಭ್ಯಾಸವನ್ನು ಅಜ್ಜನೊಡನೆಯೇ ಆರಂಭಿಸಿದ್ದಾನೆ. ದೂರನ್ನು ನಾಳೆ ಕೊಡುತ್ತೇನೆ.