ಟ್ರಸ್ ದೂರದರ್ಶಕದ ಕೊಳವೆ ಕ್ಲಾಂಪುಗಳು: ಎಷ್ಟು ಬಿಗಿದರೂ ಲೇಸರ್ ಬಿಂದು ಏಕೆ ಸರಿಯುತ್ತದೆ?

ಪ್ರಶ್ನೆ – ತುಮಕೂರಿನಿಂದ

ನಮಸ್ಕಾರ. ಹತ್ತು ಇಂಚು ವ್ಯಾಸದ ಎಫ್/5 (ನಾಭಿದೂರ ವ್ಯಾಸದ ಐದು ಪಟ್ಟು) ಕನ್ನಡಿಯೊಂದನ್ನು ಇಟ್ಟುಕೊಂಡು, ಎಂಟು ಕೊಳವೆಗಳ ಟ್ರಸ್ (ತ್ರಿಕೋನ ಚೌಕಟ್ಟಿನ) ಡಾಬ್ಸೋನಿಯನ್ (ಸರಳ ಪೀಠದ ಮೇಲೆ ತಿರುಗುವ) ದೂರದರ್ಶಕವನ್ನು ಮನೆಯಲ್ಲೇ ಕಟ್ಟುತ್ತಿದ್ದೇನೆ. ಕೊಳವೆಗಳು 25 ಮಿ.ಮೀ. ಹೊರವ್ಯಾಸದ, 1.5 ಮಿ.ಮೀ. ದಪ್ಪದ ಅಲ್ಯೂಮಿನಿಯಂನವು. ಕೆಳಗಿನ ಕ್ಲಾಂಪಿನ ಬಾಯಿಂದ ಮೇಲಿನ ಬಳೆಯವರೆಗೆ ಉದ್ದ 900 ಮಿ.ಮೀ. ಕನ್ನಡಿಪೆಟ್ಟಿಗೆಯ ಪ್ರತಿ ಬದಿಯಲ್ಲೂ ಎರಡು ಕೊಳವೆಗಳು 300 ಮಿ.ಮೀ. ಅಂತರದಲ್ಲಿ ಹೊರಟು ಮೇಲೆ ಒಂದೇ ಬೋಲ್ಟಿಗೆ ಸೇರುತ್ತವೆ. ಫೋಕಸರ್ (ಕಣ್ಣುಮಸೂರ ಹಿಡಿಯುವ ಭಾಗ) ಮತ್ತು ದ್ವಿತೀಯಕ ಕನ್ನಡಿ ಸೇರಿ ಬಳೆಯ ತೂಕ ಸುಮಾರು 2 ಕಿ.ಗ್ರಾಂ.

ಕೆಳತುದಿಗಳನ್ನು ಹಿಡಿಯಲು ತೇಗದ ತುಂಡುಗಳಲ್ಲಿ ರಂಧ್ರ ಕೊರೆದು, ಒಂದು ಪಕ್ಕದಿಂದ ರಂಧ್ರದವರೆಗೆ ಗರಗಸದಿಂದ ಸೀಳಿ, 6 ಮಿ.ಮೀ. ಬೋಲ್ಟಿನಿಂದ ಬಿಗಿಯುವ ಎಂಟು ಕ್ಲಾಂಪುಗಳನ್ನು ಮಾಡಿದ್ದೇನೆ. ಮೇಲ್ತುದಿಯನ್ನು ವೈಸ್‌ನಲ್ಲಿ ಚಪ್ಪಟೆಯಾಗಿಸಿ ಬೋಲ್ಟಿಗೆ ರಂಧ್ರ ಕೊರೆದಿದ್ದೇನೆ.

ತೊಂದರೆ ಇಷ್ಟು. ಆಕಾಶದ ನೆತ್ತಿಯ ಕಡೆಗೆ ನಿಲ್ಲಿಸಿ, ಕನ್ನಡಿಗಳ ನೇರ ನೋಡಲು ಫೋಕಸರಿಗೆ ಸಿಕ್ಕಿಸಿದ ಲೇಸರಿನ ಬಿಂದುವನ್ನು ಪ್ರಧಾನ ಕನ್ನಡಿಯ ನಡುಗುರುತಿನ ಮೇಲೆ ಕೂರಿಸಿದರೆ, ಸುಮಾರು 45 ಡಿಗ್ರಿಯವರೆಗೆ ಬಾಗಿಸುವ ತನಕ ಅದು ಕದಲುವುದಿಲ್ಲ. ಅದಕ್ಕಿಂತ ಕೆಳಗೆ ಹೋದೊಡನೆ ಒಮ್ಮೆಲೇ ಜಾರಿ, ದಿಗಂತದ ಹತ್ತಿರ ಬರುವ ಹೊತ್ತಿಗೆ 5 ಮಿ.ಮೀ. ಸರಿದಿರುತ್ತದೆ. ಮತ್ತೆ ಮೇಲೆತ್ತಿದರೂ ಅದು ಮೊದಲಿನ ಜಾಗಕ್ಕೆ ಮರಳುವುದಿಲ್ಲ. ಕೊಳವೆ ತೆಳುವಾಯಿತೇ, ಅಥವಾ ಕ್ಲಾಂಪಿನ ದೋಷವೇ? ಕ್ಲಾಂಪುಗಳನ್ನು ಸರಿಯಾದ ಕೋನದಲ್ಲಿ ಕೂರಿಸುವ ಸುಲಭ ವಿಧಾನವೇನಾದರೂ ಇದ್ದರೆ ಅದನ್ನೂ ದಯವಿಟ್ಟು ತಿಳಿಸಿ.

ಉತ್ತರ 1 – ಮೈಸೂರಿನಿಂದ

ನೀವು ಅಳತೆಗಳನ್ನೆಲ್ಲ ಕೊಟ್ಟಿರುವುದರಿಂದ ಲೆಕ್ಕ ಹಾಕಿಯೇ ಹೇಳಬಹುದು. ಕೊಳವೆಗಳನ್ನು ಬದಲಿಸಬೇಡಿ, ಅವುಗಳಲ್ಲಿ ಯಾವ ತಪ್ಪೂ ಇಲ್ಲ.

ದೂರದರ್ಶಕ ದಿಗಂತದತ್ತ ಬಾಗಿದಾಗ ಬಳೆಯ ಭಾರವನ್ನು ಹೊರುವುದು ಎಡಬಲದ ಎರಡು ತ್ರಿಕೋನಗಳು. ಪ್ರತಿಯೊಂದರ ಪಾಲಿಗೆ 1 ಕಿ.ಗ್ರಾಂ. ಬರುತ್ತದೆ. 900ಕ್ಕೆ 150 ಎಂದರೆ ಕೊಳವೆಯ ಓರೆ ಸುಮಾರು 9.6 ಡಿಗ್ರಿ. ಈ ಓರೆಯಲ್ಲಿ 1 ಕಿ.ಗ್ರಾಂ. ಭಾರವು ತ್ರಿಕೋನದ ಮೇಲಿನ ಕೊಳವೆಯನ್ನು 3 ಕಿ.ಗ್ರಾಂ.ನಷ್ಟು ಎಳೆಯುತ್ತದೆ, ಕೆಳಗಿನದನ್ನು ಅಷ್ಟೇ ಬಲದಿಂದ ಒತ್ತುತ್ತದೆ. ಆ ಬಲಕ್ಕೆ ನಿಮ್ಮ ಕೊಳವೆ ಹಿಗ್ಗುವುದು ಒಂದು ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಹಾಗಾದರೆ ಸರಿದದ್ದೆಲ್ಲ ಕೀಲುಗಳಲ್ಲೇ ಸರಿದಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತ್ರಿಕೋನ ಹೀಗೆ ಕಿರಿದಾಗಿರುವುದರಿಂದ ಕೀಲಿನ ಸಣ್ಣ ಜಾರಿಕೆಯೂ ಬಳೆಯ ಹತ್ತಿರ ಆರು ಪಟ್ಟಾಗಿ ಕಾಣುತ್ತದೆ. ಮೇಲಿನ ಕೊಳವೆ ಅರ್ಧ ಮಿ.ಮೀ. ಹೊರಬಂದು ಕೆಳಗಿನದು ಅರ್ಧ ಮಿ.ಮೀ. ಒಳಸರಿದರೆ ಸಾಕು, ಬಳೆ 3 ಮಿ.ಮೀ. ಇಳಿಯುತ್ತದೆ. ನಿಮ್ಮ 5 ಮಿ.ಮೀ.ಗೆ ಬೇಕಾದ ಜಾರಿಕೆ 0.8 ಮಿ.ಮೀ. ಮಾತ್ರ. ಬಿಂದು ಒಮ್ಮೆಲೇ ಜಾರುವುದು ಮತ್ತು ಹಿಂದಿರುಗದಿರುವುದು ಎರಡೂ ಇದನ್ನೇ ಹೇಳುತ್ತವೆ: ಕೊಳವೆ ಬಾಗಿದ್ದಾದರೆ ಭಾರ ಇಳಿದಾಗ ಮರಳುತ್ತಿತ್ತು, ಘರ್ಷಣೆ ಸೋತು ಜಾರಿದ್ದು ಮರಳುವುದಿಲ್ಲ.

ಎಲ್ಲಿ ಜಾರಿತೆಂದು ಹುಡುಕಲು, ಕ್ಲಾಂಪು ಬಿಗಿದ ಮೇಲೆ ಅದರ ಬಾಯಿಗೆ ಒತ್ತಿ ಕೊಳವೆಯ ಸುತ್ತ ಚೂಪಾದ ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ದೂರದರ್ಶಕವನ್ನು ನಾಲ್ಕೈದು ಸಲ ಇಳಿಸಿ ಏರಿಸಿದ ನಂತರ ಟಾರ್ಚ್ ಹಿಡಿದು ನೋಡಿದರೆ, ಗೆರೆಗೂ ಮರಕ್ಕೂ ನಡುವೆ ಕೂದಲೆಳೆಯಷ್ಟು ಲೋಹ ಹೊಳೆದರೂ ಅಲ್ಲಿ ಜಾರಿದೆ ಎಂದೇ ಅರ್ಥ. ಮೇಲಿನ ಬೋಲ್ಟಿನ ರಂಧ್ರಗಳನ್ನೂ ಅಳೆಯಿರಿ. ಅಲ್ಲಿಯ ಸಡಿಲವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಪ್ರಧಾನ ಕನ್ನಡಿಯೇ ತನ್ನ ಆಸರೆಯಲ್ಲಿ ಜಾರುತ್ತಿಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಅಮೆರಿಕದ ಪಾಲೊಮಾರ್ ವೀಕ್ಷಣಾಲಯದ 200 ಇಂಚಿನ ದೂರದರ್ಶಕಕ್ಕಾಗಿ ಎಂಜಿನಿಯರ್ ಮಾರ್ಕ್ ಸೆರೂರಿಯೆ 1935ರಲ್ಲಿ ರೂಪಿಸಿದ ತ್ರಿಕೋನ ಚೌಕಟ್ಟಿನಲ್ಲಿ ಎರಡೂ ತುದಿಗಳು ಸಮನಾಗಿ, ಪರಸ್ಪರ ಸಮಾನಾಂತರವಾಗಿ ಇಳಿಯುತ್ತವೆ. ನಾವು ಕಟ್ಟುವುದು ಅದರ ಮೇಲಿನ ಅರ್ಧವನ್ನು ಮಾತ್ರ. ನಮ್ಮ ಕನ್ನಡಿ ಬಳೆಯ ಜೊತೆಗೆ ಇಳಿಯುವುದಿಲ್ಲವಾದ್ದರಿಂದ, ಕೀಲು ಕದಲದಂತೆ ನೋಡಿಕೊಳ್ಳುವುದು ಬಿಟ್ಟು ನಮಗೆ ಬೇರೆ ದಾರಿಯಿಲ್ಲ.

ಉತ್ತರ 2 – ಸಾಗರದಿಂದ

ಮೇಲಿನವರು ಹೇಳಿದ್ದು ಸರಿ. ಮರದ ಬಗ್ಗೆ ನನ್ನ ಅನುಭವ ಹೇಳುತ್ತೇನೆ.

ಸೀಳು ರಂಧ್ರದ ಹತ್ತಿರವೇ ನಿಂತುಬಿಟ್ಟಿದ್ದರೆ ಬೋಲ್ಟು ಎಷ್ಟು ಬಿಗಿದರೂ ಕ್ಲಾಂಪಿನ ಬಾಯಿ ಮಾತ್ರ ಕಚ್ಚುತ್ತದೆ, ಕೊಳವೆಯ ಹಿಂಬದಿಗೆ ಹಿಡಿತ ಸಿಗುವುದಿಲ್ಲ. ಸೀಳನ್ನು ರಂಧ್ರದ ಆಚೆಗೆ ಇನ್ನೂ 10 ಮಿ.ಮೀ. ಮುಂದುವರಿಸಿ, ಅದರ ಕೊನೆಯಲ್ಲಿ 5 ಮಿ.ಮೀ. ರಂಧ್ರ ಕೊರೆಯಿರಿ, ಬಿರುಕು ಮುಂದೆ ಓಡುವುದನ್ನು ಅದು ತಡೆಯುತ್ತದೆ. ಬೋಲ್ಟು ಕೊಳವೆಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು, ಎರಡೂ ಕಡೆ ಅಗಲವಾದ ವಾಷರ್ ಇರಲಿ.

ನಾನು ಮೊದಲು ಮಾಡಿದ ಗಟ್ಟಿಮರದ ಕ್ಲಾಂಪುಗಳಲ್ಲಿ ಎರಡು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಾರಿನ ಉದ್ದಕ್ಕೇ ಸೀಳಿಹೋದವು. ಬಿಗಿದಾಗ ಕೊಳವೆಯೇ ಸನ್ನೆಯ ಆಧಾರದಂತೆ ಕೆಲಸ ಮಾಡಿ, ಹಿಂಬದಿಯ ಮರವನ್ನು ನಾರಿಗೆ ಅಡ್ಡವಾಗಿ ಎಳೆಯುತ್ತದೆ. ಮರ ಅತಿ ದುರ್ಬಲವಾಗಿರುವುದು ಆ ದಿಕ್ಕಿನಲ್ಲೇ. ಆದ್ದರಿಂದ ಈಗ 18 ಮಿ.ಮೀ. ದಪ್ಪದ, ನೀರು ತಾಳುವ ಪ್ಲೈವುಡ್ಡಿನ ಮೂರು ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ 54 ಮಿ.ಮೀ. ಎತ್ತರದ ಕ್ಲಾಂಪು ಮಾಡುತ್ತೇನೆ. ನಾರು ಎರಡೂ ದಿಕ್ಕಿಗೆ ಇರುವುದರಿಂದ ಸೀಳುವ ಭಯವಿಲ್ಲ. ತುಂಡುಗಳಿಗೆ ಬೇರೆಬೇರೆಯಾಗಿ ರಂಧ್ರ ಕೊರೆದು, ಮೇಣ ಸವರಿದ ಕೊಳವೆಯ ಚೂರೊಂದಕ್ಕೆ ಮೂರನ್ನೂ ಪೋಣಿಸಿ ಅಂಟಿಸಿದರೆ ರಂಧ್ರಗಳು ತಾವಾಗಿಯೇ ನೇರಕ್ಕೆ ಬರುತ್ತವೆ. ಸೀಳುವುದು ಕೊನೆಯಲ್ಲಿ. ಹೊರಮೈಗೆ ವಾರ್ನಿಷ್ ಬೇಕೇ ಬೇಕು. ರಂಧ್ರದ ಒಳಗೆ ನಯವಾದ ವಾರ್ನಿಷ್ ಬೇಡ, ಅದು ಹಿಡಿತವನ್ನು ಕಳೆಯುತ್ತದೆ. ತೆಳುವಾಗಿ ಎಪಾಕ್ಸಿ ಸವರಿ, ಒಣಗಿದ ಮೇಲೆ ಮರಳುಕಾಗದದಿಂದ ಉಜ್ಜಿಬಿಡಿ.

ಕೋನವನ್ನು ಲೆಕ್ಕ ಹಾಕಿ ಮರ ಕೊಯ್ಯಲು ಹೋಗಬೇಡಿ. ಕೊಳವೆ ಬದಿಯ ಉದ್ದಕ್ಕೆ ಹತ್ತು ಡಿಗ್ರಿಯ ಹತ್ತಿರ ವಾಲುವುದಲ್ಲದೆ, ಒಳಕ್ಕೂ ಸ್ವಲ್ಪ ವಾಲಿರುತ್ತದೆ; ಎರಡನ್ನೂ ಒಟ್ಟಿಗೆ ಕೊಯ್ಯುವುದು ನುರಿತ ಬಡಗಿಗೂ ಕಷ್ಟ. ಪೆಟ್ಟಿಗೆಯನ್ನು ಮಟ್ಟವಾಗಿ ಇಟ್ಟು, ಬಳೆಯನ್ನು ಸರಿಯಾದ ಎತ್ತರಕ್ಕೆ ಹಲಗೆಗಳ ಮೇಲೆ ನಿಲ್ಲಿಸಿ, ಗಾರೆಯವರ ತೂಗುಗುಂಡು ಇಳಿಬಿಟ್ಟು ಬಳೆಯ ನಡುವನ್ನು ಕನ್ನಡಿಯ ನಡುವಿನ ನೇರಕ್ಕೆ ತನ್ನಿ. ಆ ಹೊತ್ತಿಗೆ ಕನ್ನಡಿಯನ್ನು ತೆಗೆದಿಟ್ಟು ಅದರ ಜಾಗದಲ್ಲಿ ನಡುಗುರುತು ಹಾಕಿದ ರಟ್ಟನ್ನು ಇಡಿ. ಎಂಟೂ ಕೊಳವೆಗಳನ್ನು ಮೇಲೆ ಜೋಡಿಸಿ, ಕೆಳಗೆ ಕ್ಲಾಂಪುಗಳನ್ನು ಪೆಟ್ಟಿಗೆಗೆ ಸಡಿಲವಾಗಿ ಸಿಕ್ಕಿಸಿದರೆ ಪ್ರತಿ ಕ್ಲಾಂಪು ತನಗೆ ಬೇಕಾದ ಓರೆಯಲ್ಲಿ ತಾನೇ ನಿಲ್ಲುತ್ತದೆ. ಹಿಂದೆ ಉಳಿದ ಸಂದಿಗೆ ಎಂ-ಸೀಲ್ ತುಂಬಿ, ಒಂದು ದಿನ ಮುಟ್ಟದೆ ಬಿಟ್ಟು, ಆಮೇಲೆ ಬೋಲ್ಟು ಬಿಗಿಯಿರಿ. ಕೊಳವೆಗೂ ಅದರ ಕ್ಲಾಂಪಿಗೂ ಒಂದೇ ಅಂಕಿ ಬರೆದಿಡಿ.

ಉತ್ತರ 3 – ಬೆಂಗಳೂರಿನಿಂದ

ಕ್ಲಾಂಪುಗಳನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡಿಸುವ ಯೋಚನೆ ಬಂದರೆ ಪಿಎಲ್‌ಎ ಪ್ಲಾಸ್ಟಿಕ್ ಬೇಡ. ಅದು 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆದುವಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಗಿದ ಸ್ಥಿತಿಯಲ್ಲೇ ಇದ್ದ ನನ್ನ ಕ್ಲಾಂಪುಗಳು ಸಂಜೆಗೆ ಬಾಯಿ ಬಿಟ್ಟುಕೊಂಡಿದ್ದವು. ಮೇಲಿನ ಕೀಲಿಗೆ, ಲೇತ್ ಕೆಲಸದವರಿಂದ 6 ಮಿ.ಮೀ. ಒಳವ್ಯಾಸದ ಹಿತ್ತಾಳೆ ಬುಶ್‌ಗಳನ್ನು (ರಂಧ್ರದೊಳಗೆ ಕೂರುವ ಚಿಕ್ಕ ಕೊಳವೆಗಳನ್ನು) ಮಾಡಿಸಿ, ಚಪ್ಪಟೆ ತುದಿಯ ರಂಧ್ರವನ್ನು ಅದಕ್ಕೆ ತಕ್ಕಂತೆ ಅಗಲಿಸಿ ಒತ್ತಿ ಕೂರಿಸಿದರೆ ಸಡಿಲವೇ ಉಳಿಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಪೆನ್ಸಿಲ್ ಗೆರೆಯ ಪರೀಕ್ಷೆ ಮಾಡಿದೆ. ಕನ್ನಡಿ ಕದಲಿರಲಿಲ್ಲ. ಎಡಬಲದ ತ್ರಿಕೋನಗಳ ಮೇಲಿನ ಎರಡು ಕೊಳವೆಗಳಲ್ಲಿ ಗೆರೆ ಸ್ವಲ್ಪ ಹೊರಗೆ ಬಂದಿತ್ತು. ಆದರೆ ದೊಡ್ಡ ತಪ್ಪು ಮೇಲಿತ್ತು: 6 ಮಿ.ಮೀ. ಬೋಲ್ಟಿಗೆ ನಾನು 7 ಮಿ.ಮೀ. ರಂಧ್ರ ಕೊರೆದಿದ್ದೆ. ಬುಶ್ ಹಾಕಿಸಿ, ಹಳೆಯ ತೇಗದ ಕ್ಲಾಂಪುಗಳ ಸೀಳನ್ನೇ ಮುಂದುವರಿಸಿ, ನಿನ್ನೆ ರಾತ್ರಿ ದೇವರಾಯನದುರ್ಗಕ್ಕೆ ಒಯ್ದಿದ್ದೆ. ನೆತ್ತಿಯಿಂದ, ದಿಗಂತದ ಮೇಲೆ 20 ಡಿಗ್ರಿ ಎತ್ತರದವರೆಗೆ ಇಳಿಸಿದಾಗ ಬಿಂದು ಸರಿದದ್ದು 1 ಮಿ.ಮೀ.ನಷ್ಟು, ಮೇಲೆತ್ತಿದಾಗ ಮರಳಿ ನಡುಗುರುತಿನ ಒಳಗೇ ಬಂದು ನಿಂತಿತು. ಪ್ಲೈವುಡ್ ಕ್ಲಾಂಪುಗಳನ್ನು ಮಳೆಗಾಲಕ್ಕೆ ಮೊದಲು ಮಾಡಿ ಮುಗಿಸುತ್ತೇನೆ. ಮೊದಲ ಮೂರು ತುಂಡುಗಳು ಈಗಾಗಲೇ ಮೇಣ ಸವರಿದ ಕೊಳವೆಯ ಮೇಲೆ ಒಣಗುತ್ತಿವೆ.