ಅಘನಾಶಿನಿಯಲ್ಲಿ ಗಾಳ ಹಾಕಲು ಸಣ್ಣ ಮೋಟಾರು ದೋಣಿ: ಯಾವುದನ್ನು ಕೊಳ್ಳುವುದು?

ಪ್ರಶ್ನೆ: ಮಿರ್ಜಾನ್ ಕಡೆಯವ

ನನ್ನ ಊರು ಕುಮಟಾ ತಾಲ್ಲೂಕಿನ ಮಿರ್ಜಾನಿನ ಹತ್ತಿರ, ಉದ್ಯೋಗ ಹುಬ್ಬಳ್ಳಿಯಲ್ಲಿ. ತಿಂಗಳಿಗೆ ಎರಡು ಬಾರಿ ಶನಿವಾರ ರಾತ್ರಿ ಊರಿಗೆ ಬಂದು, ಭಾನುವಾರ ಬೆಳಗಿನ ಜಾವ ಅಘನಾಶಿನಿಯಲ್ಲಿ ಗಾಳ ಹಾಕುವುದು ಹಲವು ವರ್ಷಗಳ ರೂಢಿ. ಇದುವರೆಗೆ ದಡದಿಂದಲೋ, ನೆರೆಯವರ ಪಾತಿದೋಣಿಯಲ್ಲಿ ಹುಟ್ಟು ಹಾಕಿಕೊಂಡೋ ಹೋಗುತ್ತಿದ್ದೆ. ಈಗ ಇಬ್ಬರು ಕೂರುವ, ಮೋಟಾರು ಇರುವ ಸ್ವಂತ ದೋಣಿ ಬೇಕೆನಿಸಿದೆ. ಮನೆಯ ಹಿಂದಿನ ಧಕ್ಕೆಯಿಂದ ತದಡಿಯ ಕಡೆಗೆ ನಾಲ್ಕು ಕಿಲೋಮೀಟರ್ ಇಳಿದು, ಕೆಂಬೇರಿ, ನೊಗ್ಲಿ, ಅದೃಷ್ಟವಿದ್ದರೆ ಬಾರಾಮುಂಡಿ ಮೀನಿಗೆ ಪ್ರಯತ್ನಿಸಿ, ಹತ್ತು ಗಂಟೆಯೊಳಗೆ ಮನೆಗೆ ಮರಳುವುದು ನನ್ನ ಯೋಜನೆ. ಅಳಿವೆ ದಾಟಿ ಕಡಲಿಗೆ ಹೋಗುವ ಉದ್ದೇಶವಿಲ್ಲ.

ಕಣ್ಣ ಮುಂದೆ ಮೂರು ಆಯ್ಕೆಗಳಿವೆ. ಒಂದು, 18 ಅಡಿಯ ಹಳೆಯ ಫೈಬರ್ ನಾಡದೋಣಿ, ಜೊತೆಗೆ 8 ಎಚ್‌ಪಿಯ ಸೀಮೆಎಣ್ಣೆ ಎಂಜಿನ್. ಎರಡೂ ಸೇರಿ ಅಗ್ಗಕ್ಕೆ ಸಿಗುತ್ತಿವೆ. ಎರಡು, 14 ಅಡಿಯ ಹೊಸ ಫೈಬರ್ ದೋಣಿಗೆ ಎರಡರಿಂದ ಎರಡೂವರೆ ಎಚ್‌ಪಿಯ ಪೆಟ್ರೋಲ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಎಂಜಿನ್). ಮೂರು, ಅದೇ ದೋಣಿಗೆ ಬ್ಯಾಟರಿಯಿಂದ ನಡೆಯುವ ಟ್ರೋಲಿಂಗ್ ಮೋಟಾರು. ಸದ್ದಿಲ್ಲವೆಂಬ ಕಾರಣಕ್ಕೆ ಮನಸ್ಸು ಮೂರನೆಯದರತ್ತ ವಾಲುತ್ತಿದೆ. ಬಳಸಿ ಗೊತ್ತಿರುವವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ಗಂಗೊಳ್ಳಿ ಹಳಬ

ನೀವು ಎಂಜಿನ್ನಿನಿಂದ ಲೆಕ್ಕ ಆರಂಭಿಸಿದ್ದೀರಿ, ಧಕ್ಕೆಯಿಂದ ಆರಂಭಿಸಬೇಕಿತ್ತು. ಇಳಿತದ ವೇಳೆಗೆ ನಿಮ್ಮ ಧಕ್ಕೆಯ ಬುಡದಲ್ಲಿ ನೀರು ಇರುತ್ತದೆಯೋ, ಕೆಸರು ಇರುತ್ತದೆಯೋ? ಕೆಸರಾದರೆ ದೋಣಿಯನ್ನು ಎಳೆದು ಮೇಲಕ್ಕೆ ತರುವವರು ಎಷ್ಟು ಜನ? ನಮ್ಮ ಕರಾವಳಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳಂದು ಭರತಕ್ಕೂ ಇಳಿತಕ್ಕೂ ಒಂದೂವರೆ ಮೀಟರಿನ ಆಸುಪಾಸಿನ ವ್ಯತ್ಯಾಸವಿರುವುದರಿಂದ, ನಸುಕಿನಲ್ಲಿ ಸರಾಗವಾಗಿ ನೀರಿಗೆ ಬಿಟ್ಟ ದೋಣಿಯನ್ನು ಹತ್ತು ಗಂಟೆಗೆ ಮೊಣಕಾಲುದ್ದದ ಕೆಸರಿನಲ್ಲಿ ಎಳೆಯಬೇಕಾಗುವುದು ಸಾಮಾನ್ಯ. 18 ಅಡಿಯ ನಾಡದೋಣಿ ಬಲೆ, ಮಂಜುಗಡ್ಡೆ, ನಾಲ್ಕು ಆಳುಗಳ ಭಾರ ಹೊರಲೆಂದು ಆದದ್ದು. ಅದನ್ನು ಇಬ್ಬರು ಎಳೆಯಲಾರರು. ಅಗ್ಗಕ್ಕೆ ಬಂದರೂ ಅದು ನಿಮ್ಮ ದೋಣಿಯಲ್ಲ.

8 ಎಚ್‌ಪಿ ಎಂದರೆ ವೇಗವಾಗಿ ಹೋಗಬಹುದೆಂಬ ಭಾವನೆಯೂ ಸರಿಯಲ್ಲ. ನೀರನ್ನು ಸೀಳಿಕೊಂಡು ಹೋಗುವ ದೋಣಿಯ ವೇಗಕ್ಕೆ ಅದರ ಉದ್ದವೇ ಮಿತಿ ಹಾಕುತ್ತದೆ. ನೀರಿಗೆ ತಾಗುವ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ಗಂಟುಗಳಲ್ಲಿ (ನಾಟ್) ಸಿಗುತ್ತದೆ. 14 ಅಡಿಗೆ ಅದು ಸುಮಾರು 5 ಗಂಟು, ಅಂದರೆ ಗಂಟೆಗೆ 9 ಕಿಲೋಮೀಟರಿಗಿಂತ ತುಸು ಹೆಚ್ಚು. ತೀರಾ ಸಪೂರವಾದ ದೋಣಿ ಇದನ್ನು ಸ್ವಲ್ಪ ಮೀರಬಹುದು. ಉಳಿದವುಗಳಲ್ಲಿ ಹೆಚ್ಚಿನ ಶಕ್ತಿ ಹಿಂಬದಿಯನ್ನು ತಗ್ಗಿಸಿ, ಮೂತಿಯನ್ನು ಎತ್ತಿ, ಅಲೆ ಎಬ್ಬಿಸಿ ಇಂಧನವನ್ನು ಸುಡುತ್ತದೆಯೇ ಹೊರತು ದೋಣಿಯನ್ನು ಮುಂದಕ್ಕೆ ಒಯ್ಯುವುದಿಲ್ಲ. ಇಬ್ಬರಿಗೆ, ಹೊಳೆಗೆ, ಎರಡೂವರೆ ಎಚ್‌ಪಿ ಧಾರಾಳ.

ದೋಣಿಯ ಆಕಾರದ ವಿಷಯದಲ್ಲಿ ಹಿಂಬದಿ ಚಪ್ಪಟೆಯಾಗಿರುವುದನ್ನೇ ಆರಿಸಿಕೊಳ್ಳಿ. ಎರಡೂ ತುದಿ ಚೂಪಾದ ಪಾತಿದೋಣಿ ಹುಟ್ಟಿಗೆ ಚೆಂದ, ಆದರೆ ಮೋಟಾರನ್ನು ಪಕ್ಕದ ಹಲಗೆಗೆ ಕಟ್ಟಬೇಕಾಗುತ್ತದೆ. ಆಗ ದೋಣಿ ಒಂದು ಮಗ್ಗುಲಿಗೆ ವಾಲುವುದಲ್ಲದೆ, ಹಿಡಿ ಬಿಟ್ಟ ಕೂಡಲೇ ಸುತ್ತತೊಡಗುತ್ತದೆ. ಅಡಿಭಾಗ ಅಗಲವಾಗಿ, ಹೆಚ್ಚು ಕಡಿಮೆ ಸಮತಟ್ಟಾಗಿರಲಿ, ಏಕೆಂದರೆ ನೀವು ಕೂತು ಬಲೆ ಬಿಡುವವರಲ್ಲ, ನಿಂತು ರಾಡ್ ಬೀಸುವವರು. ಕೊಳ್ಳುವ ಮೊದಲು ದೋಣಿಯನ್ನು ನೀರಿಗೆ ಇಳಿಸಲು ಹೇಳಿ, ಇಬ್ಬರೂ ಒಂದೇ ಮಗ್ಗುಲಿಗೆ ನಿಂತು ನೋಡಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಬೇರೆ ಕಡೆ ನೋಡುವುದು ಒಳ್ಳೆಯದು. (ನಮ್ಮ ಅಜ್ಜನ ಕಾಲದ ಹೆಬ್ಬಲಸಿನ ದೋಣಿ ಇದ್ದಿದ್ದರೆ ಈ ಪರೀಕ್ಷೆಯೇ ಬೇಕಿರಲಿಲ್ಲ, ಆದರೆ ವರ್ಷವರ್ಷ ಅದಕ್ಕೆ ಮೀನೆಣ್ಣೆ ಬಳಿಯುವವರು ಈಗ ಯಾರು?)

ಎಂಜಿನ್ನಿನಿಂದ ಪ್ರೊಪೆಲ್ಲರಿಗೆ ಇಳಿಯುವ ದಂಡದ ಉದ್ದವನ್ನು ಅನೇಕರು ಕೇಳುವುದೇ ಇಲ್ಲ. ಗಿಡ್ಡ ದಂಡ 38 ಸೆಂಟಿಮೀಟರ್, ಉದ್ದ ದಂಡ 51 ಸೆಂಟಿಮೀಟರ್. ದೋಣಿಯ ಹಿಂಪಲಗೆಯ ಎತ್ತರವನ್ನು ಟೇಪ್ ಹಿಡಿದು ಅಳೆದುಕೊಳ್ಳಿ. ಪ್ರೊಪೆಲ್ಲರ್ ಮೇಲಿನ ತಟ್ಟೆ ದೋಣಿಯ ಅಡಿಗೆ ಸಮನಾಗಿ ಇಲ್ಲವೇ ಬೆರಳಗಲ ಕೆಳಗೆ ಬರಬೇಕು. ಮೇಲೆ ಬಂದರೆ ಪ್ರೊಪೆಲ್ಲರ್ ಗಾಳಿ ನುಂಗಿ ಬರಿದೇ ಅರಚುತ್ತದೆ. ತೀರ ಕೆಳಗಿಳಿದರೆ ನಿಮ್ಮ ಹೊಳೆಯ ಸಿಂಪಿ ಬಂಡೆಗಳೇ ಅದಕ್ಕೆ ಬುದ್ಧಿ ಕಲಿಸುತ್ತವೆ.

ಉತ್ತರ 2: ವೋಲ್ಟು ಆಂಪಿಯರ್

ಮೂರನೆಯ ಆಯ್ಕೆಯ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ನಾನೂ ಅದೇ ಆಸೆಯಿಂದ ಆರಂಭಿಸಿದವನು. 55 ಪೌಂಡ್ ನೂಕುಬಲದ, 12 ವೋಲ್ಟಿನ ಮೋಟಾರು ಪೂರ್ತಿ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಬೇಗ ತೀರುವುದರಿಂದ, ಕೈಗೆ ಸಿಗುವುದು ಒಂದು ಗಂಟೆ. ಆ ಬ್ಯಾಟರಿಯ ತೂಕವೇ 25 ಕಿಲೋ ದಾಟುತ್ತದೆ. ಲಿಥಿಯಂ ಫಾಸ್ಫೇಟ್ ಬ್ಯಾಟರಿಯಾದರೆ ತೂಕ ಅರ್ಧಕ್ಕಿಳಿದು, ಸಮಯ ಒಂದೂಮುಕ್ಕಾಲು ಗಂಟೆಯ ಹತ್ತಿರ ಬರುತ್ತದೆ. ಬೆಲೆ ಮಾತ್ರ ಮೇಲೇರುತ್ತದೆ.

ಈಗ ಇದನ್ನು ನಿಮ್ಮ ಹೊಳೆಗೆ ಇಳಿಸೋಣ. ಇಬ್ಬರನ್ನು ಹೊತ್ತ ದೋಣಿ ನಿಂತ ನೀರಿನಲ್ಲಿ ಗಂಟೆಗೆ 6 ಕಿಲೋಮೀಟರ್ ಹೋಗುತ್ತದೆಂದುಕೊಳ್ಳಿ. ಇಳಿತದ ಸೆಳೆತ ಗಂಟೆಗೆ ಮೂರೂವರೆ ಕಿಲೋಮೀಟರ್ ಇದ್ದರೆ, ಅದಕ್ಕೆದುರಾಗಿ ನೀವು ಮುಂದೆ ಸಾಗುವುದು ಗಂಟೆಗೆ ಎರಡೂವರೆ ಕಿಲೋಮೀಟರ್ ಮಾತ್ರ. ನಾಲ್ಕು ಕಿಲೋಮೀಟರ್ ಮೇಲಕ್ಕೆ ಬರಲು ಒಂದು ಗಂಟೆ ಮೂವತ್ತಾರು ನಿಮಿಷ ಬೇಕು. ಸೀಸದ ಬ್ಯಾಟರಿ ಅರ್ಧ ದಾರಿ ದಾಟಿ ಸ್ವಲ್ಪ ದೂರದಲ್ಲಿಯೇ ಕೈಕೊಡುತ್ತದೆ. ಬೇಕಾದ ಶಕ್ತಿ ವೇಗದ ಘನದಂತೆ ಏರುವುದರಿಂದ, ಅರ್ಧ ವೇಗದಲ್ಲಿ ಹೋದರೆ ಬ್ಯಾಟರಿ ಬಹಳ ಹೊತ್ತು ಬಾಳುತ್ತದೆ ಎಂಬುದು ನಿಜ; ಆದರೆ ಅರ್ಧ ವೇಗದಲ್ಲಿ ಈ ಸೆಳೆತದ ಎದುರು ನೀವು ಮುಂದಕ್ಕಲ್ಲ, ಹಿಂದಕ್ಕೆ ಹೋಗುತ್ತಿರುತ್ತೀರಿ. ಕೆರೆಗೆ, ಹಿನ್ನೀರಿಗೆ ಟ್ರೋಲಿಂಗ್ ಮೋಟಾರಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಉಬ್ಬರವಿಳಿತದ ಹೊಳೆಯಲ್ಲಿ ಅದನ್ನೊಂದನ್ನೇ ನಂಬುವುದು ಸಲ್ಲದು. ಸಿಹಿನೀರಿಗೆಂದು ಮಾಡಿದ ಮಾದರಿಗಳು ಉಪ್ಪುನೀರಿನಲ್ಲಿ ಬೇಗ ಹಾಳಾಗುತ್ತವೆ ಎಂಬುದೂ ನೆನಪಿರಲಿ.

ಉತ್ತರ 3: ಶರಾವತಿ ದಂಡೆ

ಮೋಟಾರು ಯಾವುದಾದರೂ ಇರಲಿ, ಎರಡು ಹುಟ್ಟು ಮತ್ತು ಒಂದು ಉದ್ದನೆಯ ಗಳ ದೋಣಿಯಲ್ಲಿ ಇರಲೇಬೇಕು. ಹೊನ್ನಾವರದ ಮೇಲ್ಭಾಗದ ಕುರ್ವೆಯೊಂದರ (ನಡುಗಡ್ಡೆ) ಬಳಿ ನನ್ನ ಪ್ರೊಪೆಲ್ಲರ್ ಮುಳುಗಿದ್ದ ಮರದ ಬೊಡ್ಡೆಗೆ ಬಡಿದು, ಗಿಯರನ್ನು ಉಳಿಸಲೆಂದೇ ಇಟ್ಟಿರುವ ಸಣ್ಣ ಪಿನ್ನು ತುಂಡಾಯಿತು. ಬದಲಿ ಪಿನ್ನು ಜೇಬಿನಲ್ಲಿತ್ತು, ಇಕ್ಕಳವೂ ಇತ್ತು. ದೋಣಿಯ ಹಿಂಬದಿಗೆ ಹೊಟ್ಟೆಯಡಿಯಾಗಿ ಮಲಗಿ ಹಳೆಯದನ್ನು ತೆಗೆಯುವಷ್ಟರಲ್ಲಿ ಪ್ರೊಪೆಲ್ಲರನ್ನು ಹಿಡಿದಿಡುವ ಕೊಕ್ಕೆಪಿನ್ನು ಬೆರಳ ಸಂದಿಯಿಂದ ಜಾರಿ ನೀರಿಗೆ ಬಿತ್ತು. ಅದಕ್ಕೆ ಬದಲಿ ಇರಲಿಲ್ಲ. ಗಾಳಕ್ಕೆ ಬಳಸುವ ಸ್ಟೀಲ್ ತಂತಿಯ ತುಂಡನ್ನು ತೂರಿಸಿ, ತಿರುಚಿ, ಮೆಲ್ಲಗೆ ಮನೆ ಸೇರಿದೆ. ಅಂದಿನಿಂದ ಎರಡೂ ಬಗೆಯ ಪಿನ್ನುಗಳು ನಾಲ್ಕು ನಾಲ್ಕು ಡಬ್ಬಿಯಲ್ಲಿರುತ್ತವೆ, ಕೆಲಸ ಮಾಡುವಾಗ ಕೆಳಗೆ ಒಂದು ಕೈಬಲೆ ಹಿಡಿದಿರುತ್ತೇನೆ.

ಮಳೆಗಾಲದ ಬಗ್ಗೆಯೂ ಒಂದು ಮಾತು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ 10 ಎಚ್‌ಪಿಯವರೆಗಿನ ಎಂಜಿನ್ನಿನ ನಾಡದೋಣಿಗಳಿಗೆ ವಿನಾಯಿತಿ ಇದೆ. ಅದನ್ನು ನೆಚ್ಚಿಕೊಂಡು ಹೊಳೆಗೆ ಇಳಿಯಬೇಡಿ. ಅಘನಾಶಿನಿಗೆ ಅಣೆಕಟ್ಟೇ ಇಲ್ಲದ್ದರಿಂದ, ಶಿರಸಿ ಸಿದ್ದಾಪುರದ ಕಡೆ ಸುರಿದ ಮಳೆಯೆಲ್ಲ ತಡೆಯಿಲ್ಲದೆ ಬರುತ್ತದೆ, ಬುಡಸಮೇತ ಕಿತ್ತ ಮರಗಳನ್ನೂ ತರುತ್ತದೆ.

ಮಿರ್ಜಾನ್ ಕಡೆಯವ

ಎಲ್ಲರಿಗೂ ಕೃತಜ್ಞತೆಗಳು. ಬ್ಯಾಟರಿಯ ಲೆಕ್ಕ ನೋಡಿದ ಮೇಲೆ ಮನಸ್ಸು ಎರಡನೆಯ ಆಯ್ಕೆಗೆ ನಿಂತಿತು. ನಿನ್ನೆ ಧಕ್ಕೆಯ ಬಳಿ ಇಳಿತದ ಹೊತ್ತಿಗೆ ಹೋಗಿ ನೋಡಿದೆ. ಹದಿನೈದು ಹೆಜ್ಜೆ ಕೆಸರು ಇದೆ, ಹಾಗಾಗಿ ನಾಡದೋಣಿಯ ಆಸೆಯನ್ನೂ ಬಿಟ್ಟೆ. ಗಾಳಿಯಿಂದಲೇ ತಣಿಯುವ 2.3 ಎಚ್‌ಪಿಯ ಹೋಂಡಾ ನೋಡುತ್ತಿದ್ದೇನೆ. ತಿಂಗಳಿಗೆ ಎರಡೇ ದಿನ ಓಡುವ ಎಂಜಿನ್ನನ್ನು ಕೆಡದಂತೆ ಇಡುವುದು ಹೇಗೆ?

ಗಂಗೊಳ್ಳಿ ಹಳಬ

ಆಯ್ಕೆ ಸರಿಯಾಗಿದೆ. ಹದಿನಾಲ್ಕು ಕಿಲೋ ಆಸುಪಾಸಿನ ಎಂಜಿನ್ ಆದ್ದರಿಂದ ಭುಜದ ಮೇಲೆ ಹೊತ್ತು ಮನೆಗೆ ತರಬಹುದು. ಧಕ್ಕೆಯಲ್ಲಿ ಬಿಟ್ಟು ಹುಬ್ಬಳ್ಳಿಗೆ ಹೋಗಬೇಡಿ. ನೀರಿನಿಂದ ತಣಿಯುವ ಎಂಜಿನ್ನಿಗೆ ಪ್ರತಿ ಸಲ ಒಳಗೆ ಸಿಹಿನೀರು ಹಾಯಿಸಬೇಕು, ಇದಕ್ಕೆ ಆ ತಾಪತ್ರಯವಿಲ್ಲ. ಆದರೂ ದಂಡ, ಪ್ರೊಪೆಲ್ಲರುಗಳನ್ನು ಬಾವಿ ನೀರಿನಲ್ಲಿ ತೊಳೆಯಿರಿ, ಉಳಿದ ಲೋಹ ತುಕ್ಕು ಹಿಡಿಯದಂತೆ ತಾನು ಸವೆಯಲೆಂದು ಇಟ್ಟಿರುವ ಸತುವಿನ ತುಂಡು ಅರ್ಧ ಸವೆದಾಗ ಬದಲಿಸಿ. ಇದರ ಸದ್ದು ಜೋರು, ಟ್ಯಾಂಕಿಗೆ ಹಿಡಿಯುವುದು ಒಂದು ಲೀಟರಿನಷ್ಟೇ. ಪೂರ್ತಿ ವೇಗದಲ್ಲಿ ಗಂಟೆಯೊಳಗೇ ಮುಗಿಯಬಹುದಾದ್ದರಿಂದ ಸಣ್ಣ ಕ್ಯಾನಿನಲ್ಲಿ ಇನ್ನೆರಡು ಲೀಟರ್ ಒಯ್ಯಿರಿ; ಎಂಜಿನ್ ನಿಲ್ಲಿಸಿ, ತಣಿದ ಮೇಲೆ ಸುರಿಯಿರಿ.

ಕೆಡುವುದು ಹೆಚ್ಚಾಗಿ ಕಾರ್ಬ್ಯುರೇಟರ್. ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ನಮ್ಮ ಕರಾವಳಿಯ ತೇವವನ್ನು ಹೀರಿಕೊಳ್ಳುತ್ತದೆ. ದಡಕ್ಕೆ ನೂರು ಮಾರು ಇರುವಾಗ ಇಂಧನದ ನಲ್ಲಿ ಮುಚ್ಚಿಬಿಡಿ, ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ಸುಟ್ಟು ಎಂಜಿನ್ ತಾನಾಗಿ ನಿಲ್ಲಲಿ, ಉಳಿದ ದೂರ ಹುಟ್ಟು ಹಾಕಿ. ಟ್ಯಾಂಕಿನಲ್ಲಿ ಮಿಕ್ಕದ್ದನ್ನು ಬೈಕಿಗೆ ಸುರಿದುಕೊಳ್ಳಿ.

ದೋಣಿ ಮಾಡುವವರಿಗೆ ಆಸನಗಳ ಕೆಳಗಿನ ಖಾಲಿ ಪೆಟ್ಟಿಗೆಗಳಲ್ಲಿ ಫೋಮ್ ತುಂಬಲು ಈಗಲೇ ಹೇಳಿ. ಒಂದು ಲೀಟರ್ ಫೋಮ್ ಹೆಚ್ಚು ಕಡಿಮೆ ಒಂದು ಕಿಲೋ ತೇಲಿಸುತ್ತದೆ. ನಿಮ್ಮ ದೋಣಿಗೆ 60 ಲೀಟರಿಗೆ ಕಡಿಮೆಯಿರದಂತೆ ಹಾಕಿಸಿ. ಲೈಫ್ ಜಾಕೆಟ್ ತೊಟ್ಟುಕೊಳ್ಳುವುದಕ್ಕೆ, ಕೂರುವ ದಿಂಬಲ್ಲ. ಎಂಜಿನ್ ನಿಲ್ಲಿಸುವ ಕೆಂಪು ಹಗ್ಗದ ಇನ್ನೊಂದು ತುದಿ ನಿಮ್ಮ ಮಣಿಕಟ್ಟಿನಲ್ಲಿರಬೇಕು.

ಭಾನುವಾರಗಳನ್ನೂ ಪಂಚಾಂಗ ನೋಡಿ ಆರಿಸಿಕೊಳ್ಳಿ. ಭರತದ ವೇಳೆ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಏಳು ಗಂಟೆಯ ಹೊತ್ತಿಗೆ ಪೂರ್ತಿ ಇಳಿತವಾಗುವ ಭಾನುವಾರ ಸಿಕ್ಕಿದರೆ, ನಸುಕಿನಲ್ಲಿ ಇಳಿತದ ಜೊತೆ ತದಡಿಯ ಕಡೆ ಹೋಗಿ, ಏರುವ ನೀರಿನ ಜೊತೆ ಮರಳಬಹುದು. ಹತ್ತು ಗಂಟೆಗೆ ಧಕ್ಕೆಯ ಕೆಸರಿನ ಮೇಲೆ ನೀರೂ ಬಂದಿರುತ್ತದೆ.