ವಂಟಮುರಿ ಘಾಟ್‌ನಲ್ಲಿ ಸೈಕಲ್ ಚೈನ್ ಬಿತ್ತು: ಗೇರ್ ಯಾವಾಗ ಬದಲಿಸಬೇಕು?

ಹೊಸ ಸವಾರ, ಬೆಳಗಾವಿ: ಭಾನುವಾರ ವಂಟಮುರಿ ಘಾಟ್ ಹತ್ತುವಾಗ ಅರ್ಧ ದಾರಿಯಲ್ಲಿ ಮುಂದಿನ ರಿಂಗ್ 50 ಹಲ್ಲಿನದರಿಂದ 34 ಹಲ್ಲಿನದಕ್ಕೆ ಇಳಿಸಿದೆ. ಎದ್ದು ನಿಂತು ತುಳಿಯುತ್ತಿದ್ದೆ. ಕಟಕಟ ಸದ್ದಾಗಿ ಚೈನೇ ಕಳಚಿತು. ಹಿಂದೆ 11-28 ಇದೆ, ಅಂದರೆ 11ರಿಂದ 28 ಹಲ್ಲಿನವರೆಗಿನ ಚಕ್ರಗಳು. ತಪ್ಪು ನನ್ನದೋ, ಸೈಕಲ್ಲಿನದೋ?

ಘಾಟ್‌ಪ್ರಿಯ: ಏರಿನ ಮಧ್ಯ ಬದಲಿಸಿದ್ದೇ ತಪ್ಪು. ಮೈಭಾರ ಪೆಡಲ್ ಮೇಲಿದ್ದರೆ ಚೈನ್ ಬಿಗಿಯಾಗಿರುತ್ತದೆ, ಸಲೀಸಾಗಿ ಸರಿಯುವುದಿಲ್ಲ. ಏರಿನ ಬುಡದಲ್ಲೇ 34ಕ್ಕೆ ಬನ್ನಿ. ಲಿವರ್ ಒತ್ತುವಾಗ ಅರ್ಧ ಸುತ್ತು ಕಾಲು ಹಗುರ ಮಾಡಿ, ಆದರೆ ತುಳಿಯುವುದು ನಿಲ್ಲಿಸಬೇಡಿ.

ವಿಜಯಪುರ50: "34ಕ್ಕೆ ಬನ್ನಿ" ಯಾಕೆ? ನಾನು 50ರಲ್ಲೇ ಇದ್ದು ಹಿಂದೆ 28ಕ್ಕೆ ಹಾಕುತ್ತೇನೆ. ಚೈನ್ ಜಾಸ್ತಿ ಬೀಳುವುದೇ ಮುಂದಿನ ರಿಂಗ್ ಮುಟ್ಟಿದಾಗ.

ಘಾಟ್‌ಪ್ರಿಯ: 50-28ರಲ್ಲಿ ಚೈನ್ ಪೂರ್ತಿ ಓರೆಯಾಗುತ್ತದೆ, ಉಜ್ಜಿ ಸವೆಯುತ್ತದೆ. ಲೆಕ್ಕ ಹಾಕಿ. 50ನ್ನು 28ರಿಂದ ಭಾಗಿಸಿದರೆ 1.79. 34ನ್ನು 19ರಿಂದ ಭಾಗಿಸಿದರೂ 1.79. ಅದೇ ಗೇರ್ ಹೆಚ್ಚುಕಡಿಮೆ ನೇರ ಚೈನಿನಲ್ಲಿ ಸಿಗುತ್ತದೆ, ಅಲ್ವಾ?

ವಿಜಯಪುರ50: ಲೆಕ್ಕ ಕಾಲಿಗೆ ಗೊತ್ತಾಗುವುದಿಲ್ಲ. 34ಕ್ಕೆ ಬಿದ್ದ ಕೂಡಲೇ ಪೆಡಲ್ ಗರಗರ ತಿರುಗಿ ಲಯ ಹೋಗುತ್ತದೆ. ರೇಸಿನಲ್ಲಿ ದೊಡ್ಡವರೂ ಎಷ್ಟೋ ಏರುಗಳಲ್ಲಿ ದೊಡ್ಡ ರಿಂಗ್ ಬಿಡುವುದಿಲ್ಲ.

ಘಾಟ್‌ಪ್ರಿಯ: ಅವರ ಹಿಂದೆ ಮೆಕ್ಯಾನಿಕ್ ಕಾರಿನಲ್ಲಿ ಬರುತ್ತಾನೆ. ನಮಗೆ ಯಾರು ಬರುತ್ತಾರೆ?

ಬಾಗಲಕೋಟೆ ಹಳಬ: ದೊಡ್ಡವರ ಮಾತು ಬಂತಲ್ಲ. ಟೂರ್ ಡಿ ಫ್ರಾನ್ಸ್‌ನಲ್ಲಿ ಚೈನ್ ಸರಿಸಿ ಗೇರ್ ಬದಲಿಸುವ ಡಿರೇಲರ್‌ಗೆ ಅನುಮತಿ ಸಿಕ್ಕಿದ್ದೇ 1937ರಲ್ಲಿ. ಅದಕ್ಕೂ ಮೊದಲು ಆಲ್ಪ್ಸ್ ಹತ್ತಲಿಲ್ಲವೇ? ನಾವು ಜೋಳದ ಚೀಲ ಕಟ್ಟಿಕೊಂಡು ಒಂದೇ ಗೇರಿನಲ್ಲಿ ಸಂತೆಗೆ ಹೋಗಿದ್ದೇವೆ. ತೊಡೆ ಗಟ್ಟಿ ಇರಬೇಕು, ಅಷ್ಟೇ.

ಘಾಟ್‌ಪ್ರಿಯ: ಹತ್ತಿದ್ದು ಹೇಗೆ ಅಂತಲೂ ಹೇಳಿ. ಏರಿನ ಬುಡದಲ್ಲಿ ಇಳಿದು ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕುತ್ತಿದ್ದರು. ಆಚೆ ಬದಿಗೆ ಬೇರೆ ಹಲ್ಲು ಇರುತ್ತಿತ್ತು. ಅವರಿಗೂ ಹಗುರ ಗೇರ್ ಬೇಕಾಗಿತ್ತು!

ಬಾಗಲಕೋಟೆ ಹಳಬ: ಇಳಿದು ತಿರುಗಿಸುವಷ್ಟು ತಾಳ್ಮೆ ಇತ್ತು. ಈಗ ಅದೇ ಇಲ್ಲ.

ಸ್ಪ್ಯಾನರ್ ಅಕ್ಕ: ಗರಗರ ತಿರುಗುವುದಕ್ಕೆ ಮದ್ದಿದೆ. 34ಕ್ಕೆ ಇಳಿಸಿದ ಕೂಡಲೇ ಹಿಂದೆ ಎರಡು ಗೇರ್ ಭಾರದ ಕಡೆ, ಅಂದರೆ ಚಿಕ್ಕ ಚಕ್ರದ ಕಡೆ, ಹಾಕಿ. ಹೊಸ ಸವಾರರೇ, ಚೈನ್ ಯಾವ ಕಡೆ ಬಿತ್ತು?

ವಿಜಯಪುರ50: ಒಂದು ಗೇರಿಗೆ ಮೂರು ಕ್ಲಿಕ್! ನಾನು ಒಂದೇ ಕ್ಲಿಕ್ಕಿನಲ್ಲಿ ಮುಗಿಸುತ್ತೇನೆ.

ಹೊಸ ಸವಾರ: ಅಕ್ಕ, ಒಳಗಡೆ ಬಿತ್ತು. ಪೆಡಲ್ ಹತ್ತಿರ ಫ್ರೇಮ್ ಮೇಲೆ ಬೆರಳುದ್ದ ಗೀರು, ಬಣ್ಣ ಕಿತ್ತಿದೆ.

ಸ್ಪ್ಯಾನರ್ ಅಕ್ಕ: ಹಾಗಾದರೆ ಮುಂದಿನ ಡಿರೇಲರ್‌ನ ಎಲ್ ಸ್ಕ್ರೂ, ಅಂದರೆ ಚೈನ್ ಒಳಗಡೆ ಮಿತಿ ಮೀರಿ ಸರಿಯದಂತೆ ತಡೆಯುವ ಸ್ಕ್ರೂ, ಸಡಿಲ ಇರಬೇಕು. ಕಾಲು ಸುತ್ತು ಬಿಗಿ ಮಾಡಿ, ಸ್ಟ್ಯಾಂಡ್ ಮೇಲಿಟ್ಟು ಹತ್ತು ಸಲ ಬದಲಿಸಿ ನೋಡಿ.

ವಿಜಯಪುರ50: ನೋಡಿದಿರಾ? ಮುಂದಿನ ರಿಂಗ್ ಮುಟ್ಟಿದ್ದಕ್ಕೇ ಬಿತ್ತು.

ಘಾಟ್‌ಪ್ರಿಯ: ಸ್ಕ್ರೂ ಸಡಿಲ ಇದ್ದುದಕ್ಕೆ ಬಿತ್ತು. ಅಕ್ಕ ಬರೆದದ್ದನ್ನು ಮತ್ತೊಮ್ಮೆ ಓದಿ.